ಲಾಂಡ್ರಿ ಅಕ್ಕನಿಗೆ ಡ್ರಾ ಕೊಡದ ಯಂತ್ರ

ಲಾಂಡ್ರಿ ಅಕ್ಕನಿಗೆ ಸಿಟ್ಟು ಬರುವುದು ಅಪರೂಪ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾರು ವರ್ಷದಿಂದ ಬಿಸಿ ರೋಲರಿಗೆ ಒದ್ದೆ ಬೆಡ್‌ಶೀಟು ಕೊಡುವವಳು ಅವಳು. ಪಾಳಿಗೆ ನಾನೂರು ಬೆಡ್‌ಶೀಟು, ಅಂಚಿಗೆ ಅಂಚು ಸೇರಿಸಿ ನಾಲ್ಕು ಮಡಿಕೆ. ಮೊಣಕೈಯಿಂದ ಕೆಳಗೆ ಬರೀ ಸುಟ್ಟ ಕಲೆ. ಆ ರೋಲರಿನ ಮುಂದೆ ನಿಂತು ಸಿಟ್ಟು ಮಾಡಿಕೊಂಡರೆ ಬೆರಳು ಹೋಗುತ್ತದೆ. ಆದರೆ ಆ ಭಾನುವಾರ ಚೆಸ್ ಕ್ಲಬ್ಬಿನಲ್ಲಿ ಅವಳ ಪಿತ್ತ ನೆತ್ತಿಗೇರಿತು. ಏರಬೇಕಾದದ್ದೇ.

ಅವಳಿಗೆ ಆಟ ಕಲಿಸಿದ್ದು ಅತ್ತೆ. ಮದುವೆಯಾದ ವರ್ಷವೇ ಅತ್ತೆ ಕಾಲು ಮುರಿದುಕೊಂಡು ಮೂರು ತಿಂಗಳು ಮಂಚ ಹಿಡಿದಿದ್ದರು. ಸೊಸೆಯ ಜೊತೆ ಜಗಳ ಆಡಲು ವಿಷಯ ಸಾಲದೆ ಚೆಸ್ ಬೋರ್ಡು ತರಿಸಿದೆ ಎಂದು ಈಗಲೂ ಹೇಳಿಕೊಂಡು ನಗುತ್ತಾರೆ. ಕಾಲು ಕೂಡಿಕೊಂಡ ಮೇಲೂ ಆಟ ನಿಲ್ಲಲಿಲ್ಲ. ತನ್ನನ್ನು ಸತತ ಹತ್ತು ಸಲ ಸೋಲಿಸಿದ ಸೊಸೆಯನ್ನು ಅತ್ತೆಯೇ ಕೈಹಿಡಿದು ಕ್ಲಬ್ಬಿಗೆ ಸೇರಿಸಿದರು.

ಪಕ್ಕದ ಊರಿನ ಕ್ಲಬ್ಬಿನ ಮೇಲೆ ಆಡುವ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಕಣದಲ್ಲಿದ್ದವರು ಇಬ್ಬರು: ಇವಳು ಮತ್ತು ಬ್ಯಾಂಕ್ ಮ್ಯಾನೇಜರು. ಮೂರು ವರ್ಷದಲ್ಲಿ ಮ್ಯಾನೇಜರು ಇವಳನ್ನು ಒಂದು ಸಲವೂ ಸೋಲಿಸಿದವರಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿದ್ದರೆ ಮಧ್ಯಾಹ್ನದೊಳಗೆ ಇತ್ಯರ್ಥವಾಗುತ್ತಿತ್ತು. ಕ್ಲಬ್ಬಿನ ಕಾರ್ಯದರ್ಶಿಗಳು ಕೂರಿಸಬೇಕಲ್ಲ!

"ಇಬ್ಬರೂ ಕಂಪ್ಯೂಟರ್ ಜೊತೆ ಒಂದೊಂದು ಆಟ ಆಡಿ. ಹೆಚ್ಚು ಅಂಕ ತಂದವರಿಗೆ ಜಾಗ. ಸಮ ಬಂದ್ರೆ ಮಾತ್ರ ನೀವಿಬ್ಬರು ಆಡೋದು. ಯಂತ್ರಕ್ಕೆ ಮುಖ ನೋಡಿ ಮಣೆ ಹಾಕೋಕೆ ಬರಲ್ಲ" ಎಂದರು.

ಮ್ಯಾನೇಜರು ಹಿಂದಿನ ವಾರವೇ ಆಡಿ, ಇಪ್ಪತ್ತೆರಡನೇ ನಡೆಯಲ್ಲಿ ಡ್ರಾ ಕೇಳಿದ್ದರು. ಯಂತ್ರ ಕೇಳಿದ್ದೇ ತಡ ಒಪ್ಪಿತ್ತು. ಅವರಿಗೆ ಅರ್ಧ ಅಂಕ. ಇವಳಿಗೂ ಅರ್ಧ ಬಂದರೆ ಸಾಕು, ಆಮೇಲೆ ಮ್ಯಾನೇಜರ ಎದುರು ಕೂತು ಗೆಲ್ಲುವುದು ಅವಳಿಗೆ ದೊಡ್ಡ ವಿಷಯವಲ್ಲ.

ಭಾನುವಾರ ಕಂಪ್ಯೂಟರಿನ ಪಕ್ಕ ಕೂತು ಅದರ ನಡೆಗಳನ್ನು ಬೋರ್ಡಿನ ಮೇಲೆ ಆಡುತ್ತಿದ್ದವನು ಕ್ಲಬ್ಬಿನ ಸದಸ್ಯನೇ ಆದ ಒಬ್ಬ ಎಲೆಕ್ಟ್ರಿಷಿಯನ್. ಗೋಡೆ ಪಕ್ಕದ ಕುರ್ಚಿಯಲ್ಲಿ ಅತ್ತೆ. ನಲವತ್ತನೇ ನಡೆಯ ಹೊತ್ತಿಗೆ ಎರಡೂ ಕಡೆ ಒಂದೊಂದು ಆನೆ, ನಾಲ್ಕು ನಾಲ್ಕು ಕಾಲಾಳು. ಯಾರು ನೋಡಿದರೂ ಸಮ ಎನ್ನುವ ಆಟ.

"ಡ್ರಾ ಮಾಡ್ಕೊಳ್ಳುತ್ತಾ ಕೇಳಪ್ಪ" ಎಂದಳು.

ಎಲೆಕ್ಟ್ರಿಷಿಯನ್ ಗುಂಡಿ ಒತ್ತಿದ. "ಒಲ್ಲೆ ಅಂತಿದೆ, ಅಕ್ಕ."

ಎರಡು ನಡೆ ಬಿಟ್ಟು ಕೇಳಿದರೂ ಅದೇ ಉತ್ತರ. ಅವಳು ಎದ್ದು ಹೋಗಿ ಪರದೆಗೆ ಕಣ್ಣು ಹಾಕಿದಳು. ಆಟ ಸಮ ಎಂದು ಯಂತ್ರವೇ ಸೊನ್ನೆ ತೋರಿಸುತ್ತಿತ್ತು.

"ಸಮ ಇದ್ದೂ ಒಲ್ಲೆ ಅಂದ್ರೆ ಏನರ್ಥ?"

ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡ. "ಎದುರಾಳಿ ಎಷ್ಟು ಗಟ್ಟಿ ಅಂತ ಮೊದಲೇ ಇದಕ್ಕೆ ನಂಬರ್ ಕೊಡ್ಬೇಕು. ದೊಡ್ಡ ನಂಬರ್ ಕೊಟ್ರೆ, ಡ್ರಾ ಸಿಕ್ಕಿದ್ದೇ ಲಾಭ ಅಂತ ಒಪ್ಕೊಳ್ಳುತ್ತೆ. ಚಿಕ್ಕ ನಂಬರ್ ಕೊಟ್ರೆ, ಡ್ರಾ ಆದ್ರೆ ಅರ್ಧ ಕಾಲಾಳು ಕಳ್ಕೊಂಡ ಹಾಗೆ ಅಂತ ಲೆಕ್ಕ ಹಾಕುತ್ತೆ."

"ನಂದೆಷ್ಟು?"

"ಒಂಬೈನೂರು."

"ಮ್ಯಾನೇಜರದ್ದು?"

ಅವನು ಕಾರ್ಯದರ್ಶಿಗಳ ಮುಖ ನೋಡಿದ. "ಸಾವಿರದ ಒಂಬೈನೂರು. ಸರ್ ಬರೆದುಕೊಟ್ಟಿದ್ದನ್ನ ನಾನು ಒತ್ತಿದೆ, ಅಷ್ಟೇ ಅಕ್ಕ."

ಆಟ ಕಲಿತು ಆರು ತಿಂಗಳಾದವರಿಗೆ ಕೊಡುವ ನಂಬರು ಒಂಬೈನೂರು! ಯಂತ್ರಕ್ಕೆ ಲಾಂಡ್ರಿ ಯಾವುದು, ಬ್ಯಾಂಕು ಯಾವುದು ಎಂದು ಏನು ಗೊತ್ತು, ಪಾಪ? ಅದಕ್ಕೆ ತಾತ್ಸಾರ ಕಲಿಸಿಕೊಟ್ಟವರು ಇಸ್ತ್ರಿ ಶರ್ಟು ತೊಟ್ಟು ಮುಂದೆಯೇ ನಿಂತಿದ್ದರು.

"ಸರ್, ನಾನು ಗೆದ್ದಿರೋ ಆಟಗಳೆಲ್ಲ ನಿಮ್ಮ ಪುಸ್ತಕದಲ್ಲೇ ಇವೆ. ಈ ಒಂಬೈನೂರು ಎಲ್ಲಿಂದ ತಂದ್ರಿ?"

"ಅಂದಾಜಿಗೆ ಹಾಕಿದ್ದಮ್ಮ."

"ಸರಿ ಮಾಡ್ಬಿಡ್ಲಾ ಸರ್? ಒಂದೇ ನಿಮಿಷ" ಎಂದ ಎಲೆಕ್ಟ್ರಿಷಿಯನ್.

"ಆಟದ ಮಧ್ಯೆ ಏನೂ ಮುಟ್ಟೋ ಹಾಗಿಲ್ಲ. ನಿಯಮ ಅಂದ್ರೆ ನಿಯಮ."

ಗೋಡೆ ಕಡೆಯಿಂದ ಅತ್ತೆ ದನಿ ತೆಗೆದರು: "ಕೂತ್ಕೊಂಡು ಆಡೇ. ಡ್ರಾ ಬೇಡ ಅಂದಿದ್ದು ಅದು ತಾನೇ? ಅನುಭವಿಸಲಿ."

ಅವಳು ಕೂತಳು. ಆನೆಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಆಡಿಸಿದಳು. ಅದೇ ಸ್ಥಿತಿ ಮೂರನೇ ಸಲ ಬಂದರೆ ಡ್ರಾ. ಯಂತ್ರಕ್ಕೆ ಅದೂ ಬೇಡ. ಡ್ರಾ ತಪ್ಪಿಸಿಕೊಳ್ಳುವ ಉಮೇದಿನಲ್ಲಿ ಅದು ರಾಜನನ್ನು ಬೋರ್ಡಿನ ಆಚೆ ತುದಿಗೆ ನಡೆಸಿತು. ಇತ್ತ ಕಾವಲಿಲ್ಲದೆ ನಿಂತಿದ್ದ ಕಾಲಾಳನ್ನು ಇವಳು ಎತ್ತಿಕೊಂಡಳು. ಹತ್ತು ನಡೆಯಲ್ಲಿ ಇನ್ನೊಂದು. ಆಮೇಲೆ ಇವಳ ಕಾಲಾಳೊಂದು ಓಟ ಕಿತ್ತಿತು, ಅದನ್ನು ತಡೆಯಲು ಯಂತ್ರ ಆನೆಯನ್ನೇ ತೆರಬೇಕಾಯಿತು.

"ಇನ್ನೂ ಸೋಲು ಒಪ್ಪಲ್ವಾ ಇದು?"

"ಒಂದು ಆನೆಯಷ್ಟು ಹಿಂದೆ ಬಿದ್ದು, ಮೂರು ನಡೆಯಲ್ಲಿ ಚೇತರಿಸ್ಕೊಳ್ಳದಿದ್ರೆ ಒಪ್ಪುತ್ತೆ. ಆದ್ರೆ ಒಂಬೈನೂರಿನವರ ಎದುರು ಒಪ್ಪಲ್ಲ ಅಕ್ಕ. ನೀವು ಎಲ್ಲಾದ್ರೂ ಎಡವ್ತೀರ ಅಂತ ಕಾಯ್ತಾ ಇರುತ್ತೆ."

"ಕಾಯ್ಲಿ" ಎಂದಳು.

ಕಾರ್ಯದರ್ಶಿಗಳು ಎರಡು ಸಲ ಗಡಿಯಾರ ನೋಡಿಕೊಂಡರು. ಅವಳು ಯಾರ ಕಡೆಗೂ ತಿರುಗಲಿಲ್ಲ. ಎಪ್ಪತ್ತೆಂಟನೇ ನಡೆಯಲ್ಲಿ ಒಂಟಿ ರಾಜನನ್ನು ಅಂಚಿಗೆ ಒತ್ತಿ ಮೇಟ್ ಕೊಟ್ಟಳು. ಎಲೆಕ್ಟ್ರಿಷಿಯನ್ ಎದ್ದು ನಿಂತು ಅವಳ ಕೈ ಕುಲುಕಿದ.

ಕಾರ್ಯದರ್ಶಿಗಳು ಫಲಿತಾಂಶದ ಹಾಳೆ ಕೈಯಲ್ಲಿ ಹಿಡಿದುಕೊಂಡು ಕೆಮ್ಮಿದರು. "ಚೆನ್ನಾಗಿ ಆಡ್ದೆ ಕಣಮ್ಮ. ಆದ್ರೆ ನೋಡು, ನಂಬರ್ ತಪ್ಪಾಗಿತ್ತು ಅಂತ ನೀನೇ ಹೇಳ್ದೆ. ತಪ್ಪು ನಂಬರಿನ ಆಟ ಲೆಕ್ಕಕ್ಕೆ ಬರಲ್ಲ. ಮುಂದಿನ ವಾರ ಸರಿಯಾದ ನಂಬರ್ ಹಾಕಿ ಇನ್ನೊಂದು ಸಲ ಆಡ್ಬಿಡು."

ಇದಕ್ಕೆ ಏನನ್ನಬೇಕು? ಸೋತಿದ್ದರೆ ಲೆಕ್ಕಕ್ಕೆ ಬರುತ್ತಿದ್ದ ಆಟ, ಗೆದ್ದ ಕೂಡಲೇ ಲೆಕ್ಕಕ್ಕಿಲ್ಲ! ಅತ್ತೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದರು. ಲಾಂಡ್ರಿ ಅಕ್ಕ ಕೈಸನ್ನೆ ಮಾಡಿ ಅವರನ್ನು ಕೂರಿಸಿದಳು.

"ಆಗ್ಲಿ ಸರ್, ಆಡ್ತೀನಿ. ಮ್ಯಾನೇಜರ್ ಸಾಹೇಬರ ನಂಬರೂ ಅಂದಾಜಿಂದೇ ಅಲ್ವಾ? ಅವರೂ ಇನ್ನೊಂದು ಸಲ ಆಡ್ಲಿ. ಅವರಿಗೆ ಈ ಸಲ ಒಂಬೈನೂರು ಅಂತ ಹಾಕಿ."

"ಅವರಿಗೆ ಒಂಬೈನೂರು ಅಂತ ಹೇಗಮ್ಮ ಹಾಕೋದು?" ಕಾರ್ಯದರ್ಶಿಗಳು ಗಾಬರಿಯಾಗಿ ನುಡಿದರು. "ಅವರು ಬೇಜಾರು ಮಾಡ್ಕೊಳ್ಳಲ್ವಾ?"

ಎಲೆಕ್ಟ್ರಿಷಿಯನ್ ಕಾಯಿಗಳನ್ನು ಡಬ್ಬಿಗೆ ತುಂಬುವುದನ್ನು ನಿಲ್ಲಿಸಿದ.

"ನನಗೆ ಬೇಜಾರಾಗಲ್ವಾ ಸರ್?" ಎಂದು ಕೇಳಿದಳು ಲಾಂಡ್ರಿ ಅಕ್ಕ.

ಕಾರ್ಯದರ್ಶಿಗಳು ಜೇಬಿನಿಂದ ಪೆನ್ನು ತೆಗೆದರು. ಅವಳ ಸಾಲಿನ ಮುಂದೆ ಒಂದು ಅಂಕ ಬರೆದು ಸಹಿ ಹಾಕಿದರು. ತಲೆ ಮಾತ್ರ ಎತ್ತಲಿಲ್ಲ.