ಪಹಣಿಯೊಳಗಿನ ಶರಣಪ್ಪ

"ನಮ್ಮ ಮನಿಯವ್ರಿಗಿ ಸ್ವಲ್ಪ ತೋರಸ್ರಿ, ಅಕ್ಕೋರ."

ಜೇವರ್ಗಿಯ ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ಕಿಟಕಿಯಾಚೆ ನಿಂತ ಹೆಂಗಸೊಬ್ಬಳು ಹೀಗೆ ಕೇಳಿದಳು. ನಿಮ್ಮ ಯಜಮಾನರು ಇಲ್ಲಿ ಕೆಲಸ ಮಾಡ್ತಾರಾ ಎಂದೆ. ಪಕ್ಕದ ಮೇಜಿನ ಗುಮಾಸ್ತ ಬಸಣ್ಣ ತಲೆ ಎತ್ತದೆ, "ಅವರು ತೀರಿಕೊಂಡು ಭಾಳ ವರ್ಷ ಆಗ್ಯಾವ್ರಿ" ಅಂದರು. ಅವಳ ಬೆರಳು ನನ್ನ ಕಂಪ್ಯೂಟರಿನತ್ತ ಚಾಚಿತ್ತು. ನಡುಹಗಲಲ್ಲೇ ನಾನು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಯಾವ ಹೊಲ ಯಾರದು ಎಂದು ಹೇಳುವ ಪಹಣಿಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ಅದಕ್ಕಾಗಿ ಮೈಸೂರಿನಿಂದ ನನ್ನನ್ನು ಇಲ್ಲಿಗೆ ಅಟ್ಟಿದ್ದರು. ಇರಲು ಫರಸಿ ಕಲ್ಲು ಹಾಸಿದ ಒಂದು ಕೋಣೆ ಸಿಕ್ಕಿತು. ಬೇಸಿಗೆಯಲ್ಲಿ ಸಂಜೆಯಾದರೂ ಆ ಕಲ್ಲಿನ ಮೇಲೆ ಕಾಲಿಡಲಾಗುತ್ತಿರಲಿಲ್ಲ. ಮುದ್ದೆ ನುಂಗಿ ಬೆಳೆದವಳಿಗೆ ಖಡಕ್ ರೊಟ್ಟಿ ಮುರಿದು ತಿನ್ನಲು ದವಡೆ ಗಟ್ಟಿಯಾಗಬೇಕಾಯಿತು. ನಾವು ಪೌತಿ ಖಾತೆ ಎನ್ನುವುದು, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು, ಇಲ್ಲಿ ವಿರಾಸತ್. ಕನ್ನಡವೇ ಆದರೂ ಮೊದಮೊದಲು ನಾನು ಮಾತಾಡಿದರೆ ಜನ ನಗುತ್ತಿದ್ದರು, ಅವರು ಮಾತಾಡಿದರೆ ನಾನು ಬಸಣ್ಣನವರ ಮುಖ ನೋಡುತ್ತಿದ್ದೆ.

ಆ ಹೆಂಗಸು ನೆಲೋಗಿಯ ನಾಗಮ್ಮ. ಗಂಡನ ಹೆಸರು ಹೇಳು ಎಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಸರ್ವೆ ನಂಬರು ಮಾತ್ರ ಹೇಳಿದಳು. ನಾನು ಹುಡುಕಿ ಗಟ್ಟಿಯಾಗಿ ಓದಿದೆ: ಶರಣಪ್ಪ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡು ನೆಲೋಗಿ ಬಸ್ಸಿಗೆ ಹೊರಟುಹೋದಳು. ಸಂತೆಗೆ ಬಂದಾಗಲೆಲ್ಲ ಇದೇ ನಡೆಯಿತು. ನಮ್ಮ ಕಡೆ ಜನ ಕಾಗದಕ್ಕೆ ಮೊಹರು ಬಿತ್ತೇ ಎಂದು ನೋಡಿ ಮಡಚಿಟ್ಟುಕೊಳ್ಳುತ್ತಾರೆ. ಇಲ್ಲಿಯವರಿಗೆ ಯಾರಾದರೂ ಓದಿ ಹೇಳಲೇಬೇಕು. ನನಗೋ, ಶರಣಪ್ಪ ಎಂದು ಓದುವಾಗಲೆಲ್ಲ ಯಾರೋ ಬಂದು ಕಿಟಕಿಯ ಬಳಿ ನಿಂತಂತಾಗುತ್ತಿತ್ತು.

ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಒಮ್ಮೆ ಬಂದವರು ಮತ್ತೆ ಮತ್ತೆ ಕಂಪ್ಯೂಟರಿನ ಹತ್ತಿರ ಬರುತ್ತಾರಲ್ಲ, ಯಾಕೆ ಎಂದು ಕೇಳಿದರು. ಬೇಗ ಕೆಲಸವಾಗುತ್ತೆ, ಯಾರ ಕೈಕಾಲೂ ಹಿಡಿಯಬೇಕಿಲ್ಲ ಸಾರ್ ಎಂದೆ. ಸುಳ್ಳಲ್ಲ. ನಾಗಮ್ಮನ ಸುದ್ದಿಯನ್ನು ಮಾತ್ರ ಅವರಿಗೆ ಹೇಗೆ ಹೇಳಲಿ?

ಅಷ್ಟರಲ್ಲಿ ಅವಳ ಮೈದುನ ಬದು ಒತ್ತುತ್ತಾ ಅರ್ಧ ಹೊಲದೊಳಗೆ ಬಂದಿದ್ದ. ವಿರಾಸತ್ ಮಾಡಿಸದಿದ್ದರೆ ಉಳಿದದ್ದೂ ಹೋಗುತ್ತದೆ ಎಂದು ಬಸಣ್ಣ ಗದರಿದರು. ನಾಗಮ್ಮ ಅರ್ಜಿ ಮುಟ್ಟಲಿಲ್ಲ.

"ಅವರಿಗಿ ಅಲ್ಲಿಂದ ತಗದ್ರ ಅವರು ಎಲ್ಲಿ ಹೋಗ್ಬೇಕ್ರಿ?" ಎಂದಳು. "ಮನಿಯಾಗ ಯಾರೂ ಅವರ ಹೆಸರು ತಗೊಳ್ಳಂಗಿಲ್ಲ. ನಾ ತಗೊಳ್ಳಂಗಿಲ್ಲ. ನೀವೊಬ್ಬರೇ ಓದ್ತೀರಿ."

ಅವಳನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಇನ್ನೊಬ್ಬ ವಿಧವೆಯ ಪಹಣಿ ತೆಗೆದು ತೋರಿಸಿದೆ. ಇಲ್ಲಿಯ ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ ತಂದೆಯ ಹೆಸರು, ಮದುವೆಯಾದ ಹೆಂಗಸಿನ ಮುಂದೆ ಗಂಡನ ಹೆಸರು ಬರೆಯುತ್ತಾರೆ. "ನಿನ್ನದೂ ಹೀಗೇ ಬರುತ್ತಮ್ಮ. ನಾಗಮ್ಮ ಗಂಡ ಶರಣಪ್ಪ. ಅವರು ಎಲ್ಲೂ ಹೋಗಲ್ಲ" ಎಂದೆ. ಅವಳು ಅದನ್ನು ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ವಿರಾಸತ್ ಆಯಿತು, ಮೈದುನ ಹಿಂದೆ ಸರಿದ. ಇನ್ನು ಇವಳು ಬರುವುದಿಲ್ಲ ಅಂದುಕೊಂಡೆ. ಮುಂದಿನ ಸಂತೆಗೇ ಕಿಟಕಿಯಲ್ಲಿ ಪ್ರತ್ಯಕ್ಷ.

"ಮತ್ತೆ ಯಾಕಮ್ಮ?"

"ಹೊಸ ಜಾಗಾ ಅಲ್ಲೇನ್ರಿ, ಅವರು ಹೆಂಗ ಅದಾರ ನೋಡಾಕ ಬಂದೇನ್ರಿ."

ಓದಿದೆ. ತೃಪ್ತಿಯಾಯಿತೆಂದು ಕಾಣುತ್ತದೆ, ಹೊರಡುವ ಮುಂಚೆ ಕೇಳಿದಳು: "ನಿಮ್ಮ ಹೊಲ ಯಾರ ಹೆಸರಿಗಿ ಅದರಿ?"

ನಮಗೆ ಹೊಲವಿಲ್ಲ ಎಂದೆ. ನಾನು ಇಲ್ಲಿಗೆ ಬರುವ ಮುಂಚಿನ ವರ್ಷ ಅಪ್ಪ ತೀರಿಕೊಂಡರು, ಅವರ ಹೆಸರು ಯಾವ ಪಹಣಿಯಲ್ಲೂ ಇಲ್ಲ ಎಂದೆ. ಇಷ್ಟು ದಿನ ಇಲ್ಲಿ ಯಾರಿಗೂ ಹೇಳಿರದ ಮಾತು ಅದು.

"ಹೆಸರೇನ್ರಿ ಅವರದು?"

"ನಂಜುಂಡಯ್ಯ."

"ನಂಜುಂಡಯ್ಯ" ಎಂದಳು ನಾಗಮ್ಮ, ನಿಧಾನವಾಗಿ, ಒಂದಕ್ಷರವೂ ಬಿಡದೆ. ಗಂಡನ ಹೆಸರನ್ನು ತುಟಿಗೆ ತಾರದವಳು ನನ್ನ ಅಪ್ಪನ ಹೆಸರನ್ನು ಇನ್ನೊಮ್ಮೆ ಹೇಳಿದಳು. ಈಗ ಸಂತೆಗೆ ಬಂದಾಗಲೆಲ್ಲ ನಾನು ಅವಳಿಗಾಗಿ ಓದುತ್ತೇನೆ, ಅವಳು ನನಗಾಗಿ ಹೇಳುತ್ತಾಳೆ.

ಮೈಸೂರಿಗೆ ವರ್ಗ ಮಾಡಿಸಿಕೋ ಎಂದು ಅಣ್ಣ ಒತ್ತಾಯಿಸುತ್ತಿದ್ದಾನೆ. ರಜೆಗೆ ಹೋದಾಗ ನೋಡಿದ್ದೇನೆ, ಅಮ್ಮ ಅಳುತ್ತಾಳೆಂದು ಆ ಮನೆಯಲ್ಲಿ ಯಾರೂ ಅಪ್ಪನ ಹೆಸರೆತ್ತುವುದಿಲ್ಲ. ನನ್ನ ಹಿಂದೆಯೇ ಅಪ್ಪನೂ ಜೇವರ್ಗಿಗೆ ಬಂದುಬಿಟ್ಟಿದ್ದಾರೇನೋ. ಅವರನ್ನು ಇಲ್ಲಿ ಬಿಟ್ಟು ಹೇಗೆ ಹೋಗಲಿ?