ಚಂದ್ರನಿಗಿಂತ ದೊಡ್ಡ ಲಾಂಛನ

ನಲವತ್ತು ವರ್ಷಗಳಿಂದ ನಾಟಕದ ಪರದೆಗಳನ್ನು ಬರೆಯುತ್ತಿದ್ದವನನ್ನು ಎಲ್ಲರೂ ಪರದೆಯಣ್ಣ ಎಂದೇ ಕರೆಯುತ್ತಿದ್ದರು. ತಮ್ಮನ ತಂಡಕ್ಕಾಗಿ ಆತ ಎರಡು ತಿಂಗಳು ಏಣಿ ಹತ್ತಿ ಇಳಿದು ಬೆಳದಿಂಗಳ ನದಿಯೊಂದನ್ನು ಬರೆದಿದ್ದ. ನಾಟಕಕ್ಕೆ ಸರ್ಕಾರದ ಅನುದಾನ ಸಿಕ್ಕಿತ್ತು. ಪ್ರದರ್ಶನದ ಹಿಂದಿನ ದಿನ ಇಲಾಖೆಯ ಅಧಿಕಾರಿ ಅಳತೆ ಟೇಪು ಹಿಡಿದು ರಂಗಮಂದಿರಕ್ಕೆ ಬಂದ.

"ನಮ್ಮ ಲಾಂಛನ ಎಲ್ರೀ?"

"ಕೆಳಗೆ, ಬಲಗಡೆ ಮೂಲೇಲಿದೆ ಸಾರ್," ಎಂದ ತಮ್ಮ.

ಅಧಿಕಾರಿ ಅದನ್ನು ಅಳೆದ, ಆಮೇಲೆ ಚಂದ್ರನನ್ನು ಅಳೆದ. ಲಾಂಛನಕ್ಕಿಂತ ದೊಡ್ಡ ಚಿತ್ರ ಇರಕೂಡದೆಂಬ ನಿಯಮವನ್ನು ಇಲಾಖೆ ಕರಪತ್ರಗಳಿಗೆಂದು ಮಾಡಿತ್ತು. ಆತ ಅದನ್ನು ಪರದೆಗೂ ಅನ್ವಯಿಸಿದ.

"ಚಂದ್ರನ್ನ ಚಿಕ್ಕದು ಮಾಡಿ. ಲಾಂಛನ ನಡುವೆ ಬರ್ಲಿ."

"ನದೀಲಿ ಅದರ ನೆರಳೂ ಬೀಳಬೇಕಾ ಸಾರ್?" ಪರದೆಯಣ್ಣ ಕೇಳಿದ.

ತಮ್ಮನ ಮುಖ ಕೆಂಪೇರಿತು. "ಅಣ್ಣಾ, ಉಂಡ ಮನೆ ಜಂತೆ ಎಣಿಸ್ಬಾರ್ದು. ಸುಮ್ನೆ ಬರ್ದುಕೊಡು."

"ಉಂಡ ಮನೆಗೆ ಕೈ ಮುಗೀತೀನಿ ಕಣೋ. ಹಣೆ ಮೇಲೆ ಅವರ ಹೆಸರು ಹಚ್ಚೆ ಹಾಕಿಸ್ಕೊಳ್ಳಲ್ಲ."

"ನೀನಲ್ದಿದ್ರೆ ಬೇರೆಯೋರ ಕೈಲಿ ಬರೆಸ್ತೀನಿ."

ಪರದೆಯಣ್ಣ ಹಗ್ಗ ಸಡಿಲಿಸಿ ಪರದೆ ಇಳಿಸಿದ, ಸುತ್ತಿ ಹೆಗಲಿಗೇರಿಸಿಕೊಂಡ.

"ಅದನ್ನ ತಗೊಂಡು ಹೋದ್ರೆ ಮತ್ತೆ ನನ್ನ ಮನೆ ಬಾಗಿಲು ತುಳೀಬೇಡ!" ತಮ್ಮ ಕೂಗಿದ.

ಮರುದಿನ ಸಂಜೆ ಬಿಳಿ ಬಟ್ಟೆಯೊಂದರ ಮುಂದೆ ನಾಟಕ ನಡೆಯಿತು. ಬಟ್ಟೆಯ ನಟ್ಟನಡುವೆ ಇಲಾಖೆಯ ಲಾಂಛನವೊಂದೇ ಇತ್ತು. ನಾಯಕಿ ಅದರತ್ತ ಕೈ ಚಾಚಿ "ನೋಡು, ಎಂಥ ಬೆಳದಿಂಗಳು!" ಎಂದಾಗ ಸಭೆ ಗೊಳ್ಳೆಂದು ನಕ್ಕಿತು. ರಂಗದ ಮರೆಯಲ್ಲಿದ್ದ ತಮ್ಮ ನಕ್ಕವರನ್ನೆಲ್ಲ ಬಿಟ್ಟು, ಹಿಂದಿನ ಸಾಲಿನಲ್ಲಿ ನಗದೆ ಕೂತಿದ್ದ ಅಣ್ಣನನ್ನೇ ದುರುಗುಟ್ಟಿ ನೋಡುತ್ತಿದ್ದ.