ಪಡಸಾಲೆಯ ದೋಣಿ

ಭೂಕಂಪದಲ್ಲಿ ಊರು ಹೋದ ಮೇಲೆ ಉಮರ್ಗಾಕ್ಕೆ ಬಂದು ಬಟ್ಟೆ ಅಂಗಡಿ ಇಟ್ಟವರು ನನ್ನ ಧಣಿ; ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಎಪ್ಪತ್ತು ದಾಟಿ ಮಂಡಿ ಹಿಡಿದುಕೊಂಡಾಗ, ಕೂತಲ್ಲೇ ದೋಣಿಯ ಹುಟ್ಟು ಹಾಕುವಂತೆ ಎಳೆಯುವ ಯಂತ್ರವೊಂದನ್ನು ಮಗಳು ಪುಣೆಯಿಂದ ಕಳಿಸಿದಳು. ಜೋಡಿಸಿದವನು ನಾನು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟರೂ ಯಾವ ಯಂತ್ರವೂ ನನ್ನ ಕೈಗೆ ಸೋಲದೆ ಹೋಗಿಲ್ಲ.

ದಿನಾ ಬೆಳಿಗ್ಗೆ, ಲಿಂಗಪೂಜೆಗೆ ಮುಂಚೆ, ಧೋತರ ಬಿಗಿದು ಕಣ್ಣು ಮುಚ್ಚಿ ಎಳೆಯುತ್ತಿದ್ದರು. ಜೋಳದ ಹೊಲದಲ್ಲಿ ಗಾಳಿ ಬೀಸಿದಂತೆ ಸದ್ದಾಗುತ್ತಿತ್ತು. "ಬಂತು, ಬಂತು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕೂತಾಗ ತಮ್ಮ ಮುಖ ಹಳೆಯ ಊರಿನ ದಿಕ್ಕಿಗೆ ಇರುವಂತೆ ಯಂತ್ರವನ್ನು ಪಡಸಾಲೆಯಲ್ಲಿ ಇಡಿಸಿದ್ದರು. ಹೀಗೆ ಎಳೆಯುತ್ತಾ ಮನಸ್ಸಿನಲ್ಲಾದರೂ ತಮ್ಮ ಮನೆಯ ಬಾಗಿಲು ಮುಟ್ಟುವ ಆಸೆ.

ಒಂದು ದಿನ ಸರಪಳಿಗೆ ಎಣ್ಣೆ ಬಿಡುತ್ತಾ ನನ್ನ ಜಾಣತನ ತೋರಿಸಿದೆ.

"ಕಾಕಾ, ಮಾಕಣಿ ಡ್ಯಾಮಿನಾಗ ನಾ ನೋಡೀನ್ರಿ. ಹುಟ್ಟ ಹಾಕಾಂವನ ಬೆನ್ನ ಎತ್ತಾಗೋ ದೋಣಿ ಅತ್ತಾಗ ಹೋಗ್ತದ. ಇಷ್ಟ ದಿವ್ಸ ನೀವು ಊರ ಬಿಟ್ಟು ದೂರನ ಹೊಂಟೀರಿ."

ಅವರ ಕೈ ನಿಂತಿತು. ಇನ್ನು ಎಳೆಯುವುದನ್ನೇ ಬಿಟ್ಟುಬಿಡುತ್ತಾರೇನೋ ಎಂದು ಎಣ್ಣೆಯ ಡಬ್ಬಿ ಕೆಳಗಿಟ್ಟೆ. "ತಿರುಗಿಸಿ ಇಡ್ಲೇನ್ರಿ?" ಎಂದೆ.

ಅವರು ಮೆಲ್ಲಗೆ ಹಿಡಿಕೆ ಎಳೆದರು.

"ಬ್ಯಾಡ ತಮ್ಮಾ. ಆವತ್ತ ಊರ ಬಿಡೂ ಮುಂದ ಹೊಳ್ಳಿ ನೋಡದ ಬಂದೀನಿ. ಈಗರ ನೋಡಕೋತ ಬರ್ತೀನಿ."